ಉಪ್ಪಾಗೆ ಕೊಯ್ಯಲು ದಿನ ಇಡುವವರು ಯಾರು?

ಆಷಾಢದ ಮಳೆ ಕೂತು ಹೊಡೆಯಲು ಶುರುವಾದ ಮೇಲೆ ನಮ್ಮ ಸಾಗರ ಸೀಮೆಯ ಹಳ್ಳಿಗಳಲ್ಲಿ ಕೊಟ್ಟಿಗೆ ಪಕ್ಕದ ಮಾಡಿನಿಂದ ಹಗಲೂ ರಾತ್ರಿ ಹೊಗೆ ಏಳುತ್ತದೆ. ಉಪ್ಪಾಗೆ, ಅಂದರೆ ನಮ್ಮ ಕಾಡಿನ ಹುಳಿ ಹಣ್ಣು, ಒಣಗಿಸುವ ಹೊಗೆ ಅದು. ಅಡಿಕೆ ದಬ್ಬೆಯ ತಟ್ಟಿಯ ಮೇಲೆ ಸಿಪ್ಪೆ ಹರವಿ, ಕೆಳಗೆ ದಪ್ಪ ಕುಂಟೆ (ಮರದ ಕೊರಡು) ಇಟ್ಟು ಬೆಂಕಿ ಕೂಡಿಸುತ್ತಾರೆ. ಬಿಸಿಲಿನ ಮುಖವೇ ಕಾಣದ ತಿಂಗಳಲ್ಲಿ ಬೇರೆ ದಾರಿಯಿಲ್ಲ. ಸಿಪ್ಪೆ ಕರ್ರಗಾಗಿ ಮುರುಟಿದ ಮೇಲೆ ಚೀಲ ಸೇರುತ್ತದೆ. ಒಳಗಿನ ಬೀಜದಿಂದ ತುಪ್ಪ ತೆಗೆಯುತ್ತಿದ್ದ ಅಜ್ಜಿಯಂದಿರು ಈಗ ಕಮ್ಮಿ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದ 1990ರ ದಶಕದಲ್ಲಿ ಈ ಕಪ್ಪು ಸಿಪ್ಪೆಗೆ ಇದ್ದಕ್ಕಿದ್ದಂತೆ ಬೆಲೆ ಬಂತು. ಅದರ ಹುಳಿಯ ಅಂಶದಿಂದ ಹೊರದೇಶದಲ್ಲಿ ಮೈ ಇಳಿಸುವ ಮಾತ್ರೆ ಮಾಡುತ್ತಾರಂತೆ ಎಂಬ ಸುದ್ದಿ ಊರಿಗೆ ಬಂದದ್ದು ವ್ಯಾಪಾರಿಯ ಜೀಪಿನ ಜೊತೆಗೇ. ಹಣ್ಣಾದ ಮೇಲೆ ಕೊಯ್ದರೆ ಸಿಪ್ಪೆ ದಪ್ಪ, ತೂಕ ಚೆನ್ನಾಗಿ ಬರುತ್ತದೆ, ಬೀಜವೂ ಬಲಿತಿರುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತಿದ್ದ ವಿಷಯ. ಆದರೂ ಜನ ಹಸಿರು ಕಾಯನ್ನೇ ಕೊಯ್ದರು. ಮರ ಹತ್ತಲು ಹೊತ್ತಿಲ್ಲದವರು ಟೊಂಗೆ ಕಡಿದು ಕೆಡವಿದರು. ಒಣಗಿಸಲು ಸೌದೆ ಬೇಕಲ್ಲ, ಕಾಯಿ ಬಿಡದ ಗಂಡು ಮರಗಳೂ ಉರುಳಿದವು. ಗಂಡು ಮರವೇ ಇಲ್ಲದಿದ್ದರೆ ಹೆಣ್ಣು ಮರದಲ್ಲಿ ಕಾಯಿ ಕಟ್ಟುವುದು ಹೇಗೆ ಎಂದು ಆಗ ಕೇಳಿದವರಿಲ್ಲ.

ಬೆಳಿಗ್ಗೆ ಐದಕ್ಕೆ ಕಂಬಳಿಕೊಪ್ಪೆ ಹಾಕಿಕೊಂಡು ಹೊರಟ ನಮ್ಮ ದೊಡ್ಡಪ್ಪನನ್ನು ಅಪ್ಪ ತಡೆದದ್ದು ನೆನಪಿದೆ. "ಇನ್ನೂ ಹದಿನೈದು ದಿನ ಬಿಡಬಹುದಿತ್ತಲ್ಲ ಅಣ್ಣಯ್ಯ, ಕಾಯಿ ಇನ್ನೂ ಎಳೇದು."

"ನಾ ಬಿಟ್ರೆ ಆಚೆ ಕೇರಿಯವ್ರು ಬಿಡ್ತಾರ ಮಾರಾಯ?"

ದೊಡ್ಡಪ್ಪ ದುರಾಸೆಯ ಮನುಷ್ಯನಲ್ಲ, ಕಾಡಿನ ಮೇಲೆ ಪ್ರೀತಿ ಇಲ್ಲದವನೂ ಅಲ್ಲ. ಆಚೆ ಕೇರಿಯವರೂ ಅಷ್ಟೇ, ಅವರ ಬಾಯಲ್ಲಿ ಇದ್ದದ್ದೂ ಇದೇ ಮಾತು. ಕಾಡು, ಕೆರೆ, ಗೋಮಾಳ, ಪೇಟೆಯ ಪಾರ್ಕು, ಎಲ್ಲಿ ಜನ ಸೇರಿ ಏನಾದರೂ ಉಳಿಸಿಕೊಳ್ಳಬೇಕೆಂದರೂ ಮೊದಲು ಬಿಚ್ಚಬೇಕಾದ ಗಂಟು ದೊಡ್ಡಪ್ಪನ ಆ ಒಂದು ಸಾಲಿನಲ್ಲಿದೆ. ಸಸಿ ನೆಡುವುದು, ಜಾಗೃತಿ ಜಾಥಾ, ಗೋಡೆ ಬರಹ ಎಲ್ಲ ಆಮೇಲಿನ ಮಾತು.

ಯಾರದ್ದೂ ಅಲ್ಲದ್ದು, ಎಲ್ಲರದ್ದೂ ಆದದ್ದು

1968ರಲ್ಲಿ ಅಮೆರಿಕದ ಜೀವವಿಜ್ಞಾನಿಯೊಬ್ಬರು ಒಂದು ಪ್ರಬಂಧ ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ಎಲ್ಲರೂ ದನ ಬಿಡುವ ಹುಲ್ಲುಗಾವಲು ಹಾಳಾಗಿಯೇ ತೀರುತ್ತದೆ, ಒಂದೋ ಅದನ್ನು ಖಾಸಗಿಗೆ ಕೊಡಿ, ಇಲ್ಲವೇ ಸರ್ಕಾರ ಬೇಲಿ ಹಾಕಲಿ ಎಂಬುದು ಅವರ ವಾದದ ತಿರುಳು. ದೊಡ್ಡಪ್ಪನ ಮಾತನ್ನೇ ಸಿದ್ಧಾಂತ ಮಾಡಿದಂತಿತ್ತು. ಅದನ್ನು ಒಪ್ಪದೆ, ಜಗತ್ತಿನ ಎಷ್ಟೋ ಕಡೆ ನೀರು, ಮೀನು, ಹುಲ್ಲು, ಕಾಡುಗಳನ್ನು ಜನ ನೂರಾರು ವರ್ಷ ಸೇರಿ ನಿಭಾಯಿಸಿದ್ದನ್ನು ತೋರಿಸಿಕೊಟ್ಟವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಆ ಪ್ರಶಸ್ತಿ ಪಡೆದ ಮೊದಲ ಹೆಣ್ಣುಮಗಳು ಅವರು.

ಅವರು ಕಂಡುಕೊಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ: ಇಂಥಲ್ಲಿಂದ ಇಂಥಲ್ಲಿಯವರೆಗೆ ನಮ್ಮದು ಎಂದು ಗಡಿ ಗೊತ್ತಿರಬೇಕು, ಅದನ್ನು ಬಳಸುವವರು ಯಾರ್ಯಾರು ಎಂಬುದೂ ಗೊತ್ತಿರಬೇಕು. ಎಷ್ಟು ತೆಗೆಯಬೇಕು, ಯಾವಾಗ ತೆಗೆಯಬೇಕು ಎಂಬ ಕಟ್ಟಳೆಯನ್ನು ಬಳಸುವವರೇ ಕೂತು ಮಾಡಿರಬೇಕು. ಕಟ್ಟಳೆ ಮೀರಿದವರನ್ನು ನೋಡುವ ಕಣ್ಣು ಊರೊಳಗೇ ಇರಬೇಕು. ತಪ್ಪು ಮಾಡಿದವನಿಗೆ ಮೊದಲು ಬೈಗುಳ, ಆಮೇಲೆ ಸಣ್ಣ ದಂಡ, ಕೊನೆಗೆ ದೊಡ್ಡದು. ಜಗಳ ಬಂದರೆ ಕೋರ್ಟಿಗೆ ಹೋಗುವ ಮೊದಲು ಕೂತು ಬಗೆಹರಿಸಿಕೊಳ್ಳಲು ಒಂದು ಜಗಲಿ ಇರಬೇಕು. ಇಷ್ಟೂ ಆದಮೇಲೆ, ಸರ್ಕಾರ ಬಂದು "ನಿಮ್ಮ ಕಟ್ಟಳೆ ಲೆಕ್ಕಕ್ಕಿಲ್ಲ" ಎಂದು ಹೇಳಬಾರದು. ನಮ್ಮಲ್ಲಿ ಬಹಳ ಸಲ ಏಟು ಬಿದ್ದಿರುವುದು ಈ ಕೊನೆಯದಕ್ಕೆ.

ಹೀಗೆ ನೋಡಿದರೆ ದೊಡ್ಡಪ್ಪನ ಕಾಲದ ಉಪ್ಪಾಗೆ ಮರ ಎಲ್ಲರದ್ದೂ ಆಗಿರಲಿಲ್ಲ, ಯಾರದ್ದೂ ಆಗಿರಲಿಲ್ಲ. ಕಾಡು ಇಲಾಖೆಯದು, ಕಾಯಿ ಟೆಂಡರ್ ಹಿಡಿದ ಗುತ್ತಿಗೆದಾರನದು, ಊರಿನವರದ್ದು ಕೊಯ್ಯುವ ಕೈ ಮಾತ್ರ. ಮುಂದಿನ ವರ್ಷ ಆ ಮರ ಇದ್ದರೂ ಲಾಭ ಯಾರಿಗೋ ಎಂದಾದರೆ ಟೊಂಗೆ ಉಳಿಸುವ ತಾಳ್ಮೆ ಯಾರಿಗೆ ಬರುತ್ತದೆ?

ಸೊಪ್ಪಿನಬೆಟ್ಟ, ಕಾನು, ಚೌಡಿ ಬನ

ಮಲೆನಾಡಿಗೆ ಈ ಪಾಠ ಹೊಸದೇನಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ದರಕು (ಉದುರಿದ ಒಣ ಎಲೆ) ಬೇಕು. ಅದಕ್ಕೆಂದು ತೋಟದ ಜೊತೆ ಬೆಟ್ಟ ಹಚ್ಚಿಕೊಟ್ಟ ಪದ್ಧತಿ ಇಲ್ಲಿದೆ, ಅದೇ ಸೊಪ್ಪಿನಬೆಟ್ಟ. ಘಟ್ಟದ ಮೇಲಿನ ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಲೆಕ್ಕ ಪ್ರಸಿದ್ಧ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ನು ಕುಮ್ಕಿ, ಬಾಣೆ, ಕಾನು, ಬೆಟ್ಟ, ಹಾಡಿ ಎಂದು ಸೀಮೆಗೊಂದು ಹೆಸರಿರುವ ಇಂಥ ಜಾಗಗಳನ್ನೆಲ್ಲ ಒಟ್ಟಿಗೆ ಹೆಸರಿಸಿ, ಹಿಂದಿನಿಂದ ಬಂದ ಸವಲತ್ತು ಎಂದು ಮನ್ನಿಸುತ್ತದೆ. ಮಾಲಿಕತ್ವ ಸರ್ಕಾರದ್ದು, ಸೊಪ್ಪು ಸೌದೆಯ ಸವಲತ್ತು ತೋಟದವರದ್ದು. ತೋಟ ಇಲ್ಲದವರಿಗೆ ಇದರಲ್ಲಿ ಪಾಲಿರಲಿಲ್ಲ ಎಂಬುದನ್ನು ಮರೆತು ನಾವು ತೋಟದವರು ಇದನ್ನು ಹಾಡಿ ಹೊಗಳುವುದುಂಟು. ಊರು ಒಟ್ಟಾಗಬೇಕು ಎಂದು ಹೊರಟಾಗ ಮೊದಲು ಎದ್ದು ನಿಲ್ಲುವ ಅಸಮಾಧಾನವೂ ಅದೇ.

ಸೊರಬ, ಸಾಗರ, ಸಿದ್ದಾಪುರದ ಕಡೆಯ ಕಾನುಗಳ ಕತೆ ಇನ್ನೂ ಹಳೆಯದು. ಕಾನೆಂದರೆ ನಿತ್ಯಹಸಿರಿನ, ಬಿಸಿಲು ನೆಲ ಮುಟ್ಟದ ಕಾಡು. ಒಳಗೆ ಬೈನೆ ಮರ, ಕಾಳುಮೆಣಸಿನ ಬಳ್ಳಿ, ದಾಲ್ಚಿನ್ನಿ, ಜಡ್ಡಿಯಲ್ಲಿ (ಜೌಗು ನೆಲದಲ್ಲಿ) ರಾಮಪತ್ರೆ. ಒಳಗೊಬ್ಬ ದೇವರು. ಕಾನಿನೊಳಗೆ ಕೊಡಲಿ ಆಡಿಸಬಾರದು ಎಂಬ ಕಟ್ಟು ಭಕ್ತಿಯಿಂದ ಬಂದದ್ದು ನಿಜ, ಆದರೆ ಭಕ್ತಿ ಒಂದರಿಂದಲೇ ಬಂದದ್ದಲ್ಲ. ಬೇಸಿಗೆಯಲ್ಲಿ ಗದ್ದೆಗೆ ಇಳಿಯುವ ಒರತೆ ನೀರು ಅಲ್ಲಿಂದಲೇ ಬರುತ್ತಿತ್ತು. 1868ರಲ್ಲಿ ಬ್ರ್ಯಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಆಡಳಿತದ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆಯೇ ಒಂದು ವರದಿ ಬರೆದರು. ಊರಿನವರು ಕಾನನ್ನು ಬಳಸುವ ರೀತಿ ಆಗಿನ ಸರ್ಕಾರದ ಕಣ್ಣಿಗೂ ಬಿದ್ದಿತ್ತು ಎಂದಾಯಿತು. ಆಮೇಲೆ ಕಾನುಗಳು ಒಂದೊಂದಾಗಿ ಇಲಾಖೆಯ ಲೆಕ್ಕಕ್ಕೆ, ಕಂದಾಯದ ಲೆಕ್ಕಕ್ಕೆ, ನಾಟಾ ಕಡಿಯುವ ಕೂಪಿಗೆ ಹಂಚಿಹೋದವು.

ಚೌಡಿ ಬನ, ಭೂತಪ್ಪನ ಕಟ್ಟೆ, ನಾಗಬನಗಳು ಚಿಕ್ಕವಾದರೂ ಹೆಚ್ಚು ಗಟ್ಟಿ. ತೀರ್ಥಹಳ್ಳಿಯ ಬಳಿ ತುಂಗೆಯ ಚಿಪ್ಪಲಗುಡ್ಡೆ ಮತ್ಸ್ಯಧಾಮ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅಲ್ಲಿ ಮೀನು ಹಿಡಿಯಬಾರದು, ಅಷ್ಟೇ ಕಟ್ಟಳೆ. ಚಿಕ್ಕ ಜಾಗ, ಒಂದೇ ನಿಯಮ, ನೋಡುವ ಕಣ್ಣು ನೂರು. (ಆ ಮೀನಿಗೆ ಮಂಡಕ್ಕಿ ಹಾಕಿ ಪ್ಲಾಸ್ಟಿಕ್ ಕವರನ್ನು ಹೊಳೆಗೇ ಬಿಡುವ ಭಕ್ತರ ವಿಷಯ ಬೇರೆ.)

ಪಹಣಿ ನೋಡದೆ ಸಭೆ ಕರೆಯಬೇಡಿ

ಊರು ಸೇರಿಸಿ ಕಾಡು ಉಳಿಸುವ ಹುಮ್ಮಸ್ಸಿನವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಾವು ಕಣ್ಣಿಗೆ ಕಂಡದ್ದನ್ನೆಲ್ಲ ಕಾಡು ಎನ್ನುತ್ತೇವೆ. ಕಾಗದದಲ್ಲಿ ಅದು ಕಾಯ್ದಿಟ್ಟ ಅರಣ್ಯ ಇರಬಹುದು, ಕಿರು ಅರಣ್ಯ ಇರಬಹುದು, ಸೊಪ್ಪಿನಬೆಟ್ಟ, ಗೋಮಾಳ, ಹುಲ್ಲುಬನ್ನಿ ಖರಾಬು, ಗುಂಡುತೋಪು ಏನೂ ಇರಬಹುದು. ಕಾಯ್ದಿಟ್ಟ ಅರಣ್ಯವಾದರೆ ಮಾತಾಡಬೇಕಾದದ್ದು ವಲಯ ಅರಣ್ಯಾಧಿಕಾರಿ, ಅಂದರೆ ಆರ್‌ಎಫ್‌ಒ ಹತ್ತಿರ. ಗೋಮಾಳವಾದರೆ ತಹಶೀಲ್ದಾರ್ ಹತ್ತಿರ. ಅದರ ಮೇಲೆ ಡೀಮ್ಡ್ ಅರಣ್ಯ ಎಂಬ ಇನ್ನೊಂದು ಪದರ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲಿಕರು ಯಾರೇ ಇರಲಿ, ಕಾಡಿನ ಲಕ್ಷಣವಿದ್ದರೆ ಅದು ಕಾಡೇ ಎಂದಿತು. ಆ ಲೆಕ್ಕದಲ್ಲಿ ಕರ್ನಾಟಕ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಗುರುತಿಸಿ, 2022ರಲ್ಲಿ ಅದನ್ನು 3.3 ಲಕ್ಷ ಹೆಕ್ಟೇರಿಗೆ ಇಳಿಸಿತು. ನಿಮ್ಮೂರಿನ ಸರ್ವೆ ನಂಬರು ಇಳಿದ ಪಟ್ಟಿಯಲ್ಲಿದೆಯೋ ಉಳಿದ ಪಟ್ಟಿಯಲ್ಲಿದೆಯೋ ಎಂಬುದರ ಮೇಲೆ ಮುಂದಿನ ಕೆಲಸವೆಲ್ಲ ನಿಂತಿದೆ.

ಇದು ಬೇಜಾರಿನ ಕೆಲಸ ಅನ್ನಿಸುತ್ತದೆ. ಆದರೆ ದಿಶಾಂಕ್ ಆ್ಯಪ್ ತೆರೆದು ಬೆಟ್ಟದ ತಲೆ ಮೇಲೆ ನಿಂತರೆ ಸರ್ವೆ ನಂಬರು ಕಣ್ಣೆದುರೇ ಬರುತ್ತದೆ, ಅದನ್ನು ಹಿಡಿದು ಪಹಣಿ ತೆಗೆಯಬಹುದು. ನೆಟ್‌ವರ್ಕ್ ಸಿಕ್ಕಿದರೆ.

ಹಳೆಯ ಗಾಯವೂ ಈ ಕಾಗದದಲ್ಲೇ ಇದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಶರಾವತಿ ಕಣಿವೆಯ ಹಳ್ಳಿಗಳು ಮುಳುಗಿ ಜನ ಗುಡ್ಡ ಹತ್ತಿದರು, ಕೆಲವರನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು. ಅವರ ಮೊಮ್ಮಕ್ಕಳಿಗೆ ಇವತ್ತೂ ಒತ್ತುವರಿದಾರರು ಎಂಬ ನೋಟಿಸು ಬರುತ್ತದೆ. ಅಂಥ ಊರಿಗೆ ಹೋಗಿ "ಬನ್ನಿ, ಕಾಡು ಉಳಿಸೋಣ" ಎಂದರೆ ಬಾಗಿಲು ಹಾಕಿಕೊಳ್ಳುವುದು ಸಹಜ. ಕಾಡು ಉಳಿದರೆ ತಾವು ಉಳಿಯುತ್ತೇವೋ ಇಲ್ಲವೋ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡದ ಪರಿಸರ ಸಭೆಗೆ ಬರುವವರು ನಿವೃತ್ತ ಮೇಷ್ಟ್ರು ಮತ್ತು ಪತ್ರಿಕೆಯವರು ಮಾತ್ರ.

ಅಪ್ಪಿಕೊಂಡದ್ದು, ಕಿತ್ತದ್ದು

ಮಲೆನಾಡಿನ ಜನ ಸೇರಿದ ದೊಡ್ಡ ಪ್ರಸಂಗಗಳನ್ನು ಇಲ್ಲಿ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ, ಬಹುತೇಕರಿಗೆ ಗೊತ್ತಿರುವಂಥವೇ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯವರು ಕಳಾಸೆ ಕಾಡಿನಲ್ಲಿ ಮರ ಅಪ್ಪಿ ನಿಂತರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಆ ಅಪ್ಪಿಕೋ ಚಳವಳಿಯ ಘೋಷಣೆ "ಉಳಿಸು, ಬೆಳೆಸು, ಬಳಸು". ಮೂರನೆಯ ಪದವನ್ನು ಗಮನಿಸಿ. ಬಳಸಬೇಡ ಎಂದು ಅವರು ಹೇಳಲಿಲ್ಲ.

ಮರುವರ್ಷ, 1984ರಲ್ಲಿ, ಸರ್ಕಾರ ಮತ್ತು ಹರಿಹರದ ಪಾಲಿಫೈಬರ್ಸ್ ಕಾರ್ಖಾನೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಮಾಡಿದವು. ಶಿವಮೊಗ್ಗವೂ ಸೇರಿ ಈ ಭಾಗದ ಜಿಲ್ಲೆಗಳ ಸಾಮೂಹಿಕ ಭೂಮಿ ನೀಲಗಿರಿಗೆ ಹೋಗುವುದಿತ್ತು. 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಹಣ್ಣಿನ, ಮೇವಿನ ಗಿಡ ನೆಟ್ಟರು. "ಕಿತ್ತಿಕೋ-ಹಚ್ಚಿಕೋ" ಎಂದು ಅದಕ್ಕೆ ಹೆಸರು. ಕೋರ್ಟು, ಬೀದಿ ಎರಡರಲ್ಲೂ ಹೋರಾಡಿ 1991ಕ್ಕೆ ಆ ಕಂಪನಿ ಮುಚ್ಚಿತು. ಈಚೆಗೆ, ಭದ್ರಾವತಿಯ ಕಾಗದ ಕಾರ್ಖಾನೆಗೆ ಗುತ್ತಿಗೆ ಕೊಟ್ಟ ನೆಡುತೋಪಿನ ಅವಧಿ ಮುಗಿದಾಗ "ನಮ್ಮೂರಿಗೆ ಅಕೇಶಿಯಾ ಮರ ಬೇಡ" ಎಂದು ಶಿವಮೊಗ್ಗ ಜಿಲ್ಲೆಯಲ್ಲಿ ಜನ ಎದ್ದದ್ದೂ ಇದೇ ಸಾಲಿನದು.

ಬೇಡ ಎನ್ನಲು ಜನ ಬೇಗ ಸೇರುತ್ತಾರೆ. ಬೇಡವಾದದ್ದು ಹೋದ ಮೇಲೆ ಆ ಜಾಗಕ್ಕೆ ದನ ಬಿಡುವವರು ಯಾರು, ಸೌದೆ ತರುವವರು ಯಾರು ಎಂಬ ಸಭೆಗೆ ಕುರ್ಚಿ ಖಾಲಿ.

ಮೂರು ಸಮಿತಿ, ಒಂದೇ ಊರು

ಈಗ ಗೊಂದಲದ ಭಾಗಕ್ಕೆ ಬರೋಣ. ಮಲೆನಾಡಿನ ಒಂದೇ ಊರಿನಲ್ಲಿ ಕಾಡಿಗೆ ಸಂಬಂಧಪಟ್ಟ ಮೂರು ಸಮಿತಿ ಇರಬಹುದು, ಮೂರಕ್ಕೂ ಅದೇ ನಾಲ್ಕು ಜನ ಸದಸ್ಯರಾಗಿರಬಹುದು, ಮೂರರ ವ್ಯತ್ಯಾಸ ಆ ನಾಲ್ವರಿಗೂ ಗೊತ್ತಿಲ್ಲದಿರಬಹುದು.

ಮೊದಲನೆಯದು ಗ್ರಾಮ ಅರಣ್ಯ ಸಮಿತಿ. ಜನ ಹೇಳುವುದು ವಿಎಫ್‌ಸಿ ಎಂದೇ. 1993ರ ಏಪ್ರಿಲ್‌ನ ಸರ್ಕಾರಿ ಆದೇಶದಿಂದ ಬಂದ ಜಂಟಿ ಅರಣ್ಯ ಯೋಜನೆಯ ಕೂಸು. ಬ್ರಿಟನ್ ಸರ್ಕಾರದ ನೆರವಿನ ಪಶ್ಚಿಮಘಟ್ಟ ಯೋಜನೆಯ ಹಣ ಇದ್ದ ಕಾರಣ ಉತ್ತರ ಕನ್ನಡ, ಶಿವಮೊಗ್ಗಗಳಲ್ಲಿ ಬೇಗ ಹಬ್ಬಿತು. ಊರಿನವರು ಕಾಯುವುದು, ಇಲಾಖೆ ಸಸಿ ಮತ್ತು ಹಣ ಕೊಡುವುದು, ಬಂದ ಫಸಲಿನಲ್ಲಿ ಊರಿಗೆ ಪಾಲು. ಅಧ್ಯಕ್ಷರು ಊರಿನವರು, ಸದಸ್ಯ ಕಾರ್ಯದರ್ಶಿ ಫಾರೆಸ್ಟರ್, ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಕಾರ್ಯದರ್ಶಿಗೆ ವರ್ಗವಾದರೆ ಪಾಸ್‌ಬುಕ್ ಎಲ್ಲಿದೆ ಎಂದು ಹುಡುಕುವುದರಲ್ಲೇ ಒಂದು ಮಳೆಗಾಲ ಕಳೆದ ಸಮಿತಿ ನಾನು ಕಂಡಿದ್ದೇನೆ. ಮೊದಮೊದಲು ಇದಕ್ಕೆ ಸಿಗುತ್ತಿದ್ದದ್ದು ಹಾಳುಬಿದ್ದ ಕಾಡು ಮಾತ್ರ. ಅಲ್ಲಿ ಅಕೇಶಿಯಾ ಹಚ್ಚಿ, ಕಡಿದು, ಪಾಲು ಹಂಚಿದ ಮೇಲೆ ಎಷ್ಟೋ ಸಮಿತಿ ಮಲಗಿತು. ಚೆನ್ನಾಗಿ ನಡೆಸಿ ಪಾಲಿನ ಹಣದಲ್ಲಿ ಪಾತ್ರೆ, ಶಾಮಿಯಾನ ಕೊಂಡು ಊರ ಮದುವೆಗೆ ಬಾಡಿಗೆ ಕೊಡುವ ಸಮಿತಿಗಳೂ ಇವೆ. ಅದನ್ನು ನಗಬೇಡಿ. ಶಾಮಿಯಾನದ ಬಾಡಿಗೆ ಲೆಕ್ಕ ಕೇಳಲು ಬರುವವರು ಕಾಡಿನ ಲೆಕ್ಕವನ್ನೂ ಕೇಳುತ್ತಾರೆ.

ಎರಡನೆಯದು ಜೀವವೈವಿಧ್ಯ ನಿರ್ವಹಣಾ ಸಮಿತಿ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿ, ಪುರಸಭೆ, ನಗರಪಾಲಿಕೆಯಲ್ಲೂ ಇರಬೇಕು. ಮೊದಲಿನ ನಿಯಮದಲ್ಲಿ ಅಧ್ಯಕ್ಷರ ಜೊತೆ ಆರು ಜನರವರೆಗೆ ಸದಸ್ಯರು, ಮೂರನೇ ಒಂದು ಭಾಗಕ್ಕೆ ಕಮ್ಮಿಯಿಲ್ಲದಂತೆ ಹೆಂಗಸರು ಎಂದಿತ್ತು; 2023ರ ತಿದ್ದುಪಡಿಯ ಮೇಲೆ ಸದಸ್ಯರು ಏಳರಿಂದ ಹನ್ನೊಂದು. ಇದರ ಕೆಲಸ ಎಂದರೆ ಎಲ್ಲರಿಗೂ ನೆನಪಾಗುವುದು ಜನತಾ ಜೀವವೈವಿಧ್ಯ ದಾಖಲಾತಿ: ಊರಿನ ಗಿಡ, ಮೀನು, ಭತ್ತದ ತಳಿ, ಅಪ್ಪೆಮಿಡಿ ಮರ ಎಲ್ಲ ಬರೆದಿಡುವ ಪುಸ್ತಕ. ಆ ಪುಸ್ತಕ ಬಹಳ ಕಡೆ ಪಂಚಾಯ್ತಿ ಬೀರುವಿನಲ್ಲಿ ಭದ್ರವಾಗಿದೆ. ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಅಧಿಕಾರ ಅಡಗಿದೆ. ತನ್ನ ವ್ಯಾಪ್ತಿಯಿಂದ ವ್ಯಾಪಾರಕ್ಕೆಂದು ಜೈವಿಕ ಸಂಪನ್ಮೂಲ ಒಯ್ಯುವವರಿಂದ ಸಮಿತಿ ಶುಲ್ಕ ವಸೂಲು ಮಾಡಬಹುದು. ಉಪ್ಪಾಗೆ ವ್ಯಾಪಾರಿಯ ಜೀಪು ನೆನಪಿದೆಯಲ್ಲ? ಸಾಗರ ತಾಲ್ಲೂಕಿನ ಅಂಬಾರಗುಡ್ಡ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದದ್ದೂ ಇದೇ ಕಾಯ್ದೆಯ ಅಡಿ. ಗಣಿಗಾರಿಕೆಯ ವಿರುದ್ಧ ಎದ್ದ ಗುಡ್ಡಕ್ಕೆ ಕಾಗದದ ಬೇಲಿಯೂ ಸಿಕ್ಕಿತು.

ಮೂರನೆಯದು ಅರಣ್ಯ ಹಕ್ಕು ಸಮಿತಿ. 2006ರ ಅರಣ್ಯ ಹಕ್ಕು ಕಾಯ್ದೆಯದು. ಗ್ರಾಮಸಭೆಯೇ ಹತ್ತರಿಂದ ಹದಿನೈದು ಜನರನ್ನು ಆರಿಸುತ್ತದೆ. ಮಲೆನಾಡಿನಲ್ಲಿ ಈ ಕಾಯ್ದೆ ಎಂದರೆ ಒಂದೆರಡು ಎಕರೆ ಸಾಗುವಳಿಗೆ ಹಕ್ಕುಪತ್ರ ಕೇಳುವುದು ಎಂದಷ್ಟೇ ಪ್ರಚಾರ ಸಿಕ್ಕಿದೆ. ಅದರಲ್ಲೂ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ನೆಲೆ ತೋರಿಸಬೇಕು. ಲೆಕ್ಕ ಹಾಕಿದರೆ 1930. ಅರವತ್ತರ ದಶಕದಲ್ಲಿ ಮುಳುಗಡೆಯಿಂದ ಎದ್ದು ಬಂದವರು ಹೊಸ ಜಾಗದಲ್ಲಿ 1930ರ ದಾಖಲೆ ಎಲ್ಲಿಂದ ತರಬೇಕು?

ಈ ಗಲಾಟೆಯಲ್ಲಿ ಮರೆಯಾದದ್ದು ಅದೇ ಕಾಯ್ದೆಯ 3(1)(ಐ). ಒಂದು ಊರು ಹಿಂದಿನಿಂದ ಕಾಯ್ದುಕೊಂಡು ಬಂದ ಕಾಡನ್ನು ರಕ್ಷಿಸುವ, ಬೆಳೆಸುವ, ನಿರ್ವಹಿಸುವ ಹಕ್ಕು ಆ ಊರಿನ ಗ್ರಾಮಸಭೆಗೆ ಉಂಟು ಎನ್ನುತ್ತದೆ ಅದು. ವೈಯಕ್ತಿಕ ಅರ್ಜಿ ನಮೂನೆ ಎ, ಸಮುದಾಯದ ಬಳಕೆಗೆ ಬಿ, ಇಡೀ ಸಮುದಾಯ ಅರಣ್ಯಕ್ಕೆ ಸಿ. ನಮ್ಮ ಕಡೆ ಎ ನಮೂನೆಯ ರಾಶಿಯ ಎದುರು ಸಿ ಕಾಣುವುದೇ ಇಲ್ಲ. ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲೇ ಸಮುದಾಯ ಹಕ್ಕು ಸಿಕ್ಕಿತು, ಅದೂ ಹುಲಿ ಅಭಯಾರಣ್ಯದೊಳಗೆ.

ವ್ಯತ್ಯಾಸ ಒಂದೇ ಮಾತಲ್ಲಿ ಹೇಳಿ ಎಂದರೆ: ವಿಎಫ್‌ಸಿಯಲ್ಲಿ ಇಲಾಖೆ ತನ್ನ ಕೆಲಸಕ್ಕೆ ನಮ್ಮನ್ನು ಕರೆಯುತ್ತದೆ, ಆದೇಶ ಬದಲಾದರೆ ಪಾಲೂ ಬದಲಾಗುತ್ತದೆ. ಹಕ್ಕು ಸಮಿತಿಯಲ್ಲಿ ಕಾನೂನು ಗ್ರಾಮಸಭೆಯ ಕೈಯಲ್ಲಿ ಅಧಿಕಾರ ಇಡುತ್ತದೆ, ಅದನ್ನು ಹಿಡಿದುಕೊಳ್ಳುವುದು ನಮ್ಮ ಕೆಲಸ. ಜೀವವೈವಿಧ್ಯ ಸಮಿತಿ ಇವೆರಡರ ನಡುವೆ ವ್ಯಾಪಾರಿಯನ್ನು ನಿಲ್ಲಿಸಿ ಲೆಕ್ಕ ಕೇಳುವ ಗೇಟು. ಯಾವ ಸಮಿತಿಯಾದರೂ ನಿಜವಾಗಿ ಬದುಕಿದೆಯೇ ಎಂದು ತಿಳಿಯಲು ಫೆಬ್ರುವರಿಯಲ್ಲಿ ಹೋಗಿ ನೋಡಬೇಕು. ದರಕು ಒಣಗಿ ಕಾಡು ಬೆಂಕಿಗೆ ಬಾಯಿ ತೆರೆದಿರುವ ಹೊತ್ತು. ಬದುಕಿರುವ ಕಡೆ ಜನ ಹಸಿ ಟೊಂಗೆ, ಕತ್ತಿ ಹಿಡಿದು ಬೆಂಕಿ ರೇಖೆ ಸವರುತ್ತಿರುತ್ತಾರೆ, ಕಾಲಿಗೆ ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಂಡು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಈ ಉಣುಗಿನಿಂದ ಹರಡುವುದು ಇದೇ ತಿಂಗಳುಗಳಲ್ಲಿ. ಸತ್ತ ಮಂಗ ಕಂಡರೆ ಆಸ್ಪತ್ರೆಗೆ ಮೊದಲು ಸುದ್ದಿ ಮುಟ್ಟಿಸುವವರೂ ಹೀಗೆ ಕಾಡಿಗೆ ಕಾಲಿಡುವವರೇ.

ಪೇಟೆಯ ಪಾರ್ಕು

ಕೆಲಸ ಸಿಕ್ಕು ಶಿವಮೊಗ್ಗಕ್ಕೆ ಬಂದ ಮೇಲೆ ಕಾಡಿನ ಜಗಳ ತಪ್ಪಿತು ಎಂದುಕೊಂಡಿದ್ದೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪ್ರತಿ ಜೂನ್ 5ಕ್ಕೆ ಸಸಿ ನೆಡುತ್ತಿದ್ದರು. ಅದೇ ಗುಂಡಿ, ಹೊಸ ಸಸಿ, ಹೊಸ ಫೋಟೊ. ಮಾರ್ಚಿನಲ್ಲಿ ನೀರು ಹಾಕುವವರಿಲ್ಲದೆ ಒಣಗಿದ ಸಸಿಯ ಕಡ್ಡಿ ಕಿತ್ತು ಹುಡುಗರು ಸ್ಟಂಪ್ ಮಾಡಿಕೊಳ್ಳುತ್ತಿದ್ದರು. ಸಂಘದವರು ಕ್ರಿಕೆಟ್ ನಿಷೇಧ ಎಂದು ಬೋರ್ಡು ಹಾಕಿ ಗೇಟಿಗೆ ಬೀಗ ಜಡಿದರು. ವಾರದಲ್ಲಿ ತಂತಿಬೇಲಿ ಕತ್ತರಿಸಿ ದಾರಿಯಾಯಿತು. ಮತ್ತೆ ದೊಡ್ಡಪ್ಪನ ಉಪ್ಪಾಗೆ ಮರವೇ: ನಿಯಮ ಮಾಡಿದವರು ಬೇರೆ, ಜಾಗ ಬಳಸುವವರು ಬೇರೆ.

ಗಂಟು ಬಿಚ್ಚಿದ್ದು ಒಬ್ಬ ಅಜ್ಜಿ. ಸಂಜೆ ಅಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದವರು ಹುಡುಗರನ್ನು ಕರೆದು, "ಐದರಿಂದ ಆರೂವರೆ ಆ ಮೂಲೆ ನಿಮ್ದು. ಆಮೇಲೆ ಆಡಿದ್ರೆ ಚೆಂಡು ನಂದು" ಎಂದರು. ಸಂಘದವರು ಗೊಣಗಿ ಒಪ್ಪಿದರು. ಹುಡುಗರಲ್ಲಿ ಒಬ್ಬನ ಕೈಗೆ ಗೇಟಿನ ಕೀಲಿಯನ್ನೂ ನಲ್ಲಿಯ ವಾಲ್ವಿನ ಜವಾಬ್ದಾರಿಯನ್ನೂ ಕೊಟ್ಟದ್ದು ಆಮೇಲೆ. ಆ ಬೇಸಿಗೆ ನೆಟ್ಟ ಹೊಂಗೆ, ನೇರಳೆ, ಹೊಳೆದಾಸವಾಳಗಳಲ್ಲಿ ಹೆಚ್ಚಿನವು ಬದುಕಿವೆ. ಯಾರೂ ಫೋಟೊ ತೆಗೆಯಲಿಲ್ಲ.

ಹಾಗೆ ಒಂದಾಗಿದ್ದು ಬೇರೆಯದಕ್ಕೆ ಉಪಯೋಗಕ್ಕೆ ಬಂತು. ಒಂದು ದಿನ ಪಾರ್ಕಿನ ಮೂಲೆಯಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಕೇಳಿದರೆ ಕಟ್ಟಡ ಬರುತ್ತದೆ ಎಂದರು, ಯಾವ ಕಚೇರಿಯದು ಎಂದು ಇಲ್ಲಿ ಹೇಳುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಬಡಾವಣೆಯ ಮಂಜೂರಾದ ನಕ್ಷೆ ಕೇಳಿದೆವು. ಹತ್ತು ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ ಅರ್ಜಿ. ನಮ್ಮ ಸಂಘದ ಕಾರ್ಯದರ್ಶಿಗೆ 150 ಪದದಲ್ಲಿ ನಿಲ್ಲಿಸುವುದೇ ದೊಡ್ಡ ಕಷ್ಟವಾಯಿತು. ನಕ್ಷೆಯಲ್ಲಿ ಆ ಜಾಗ ಹಸಿರು ಬಣ್ಣದಲ್ಲಿ ಉದ್ಯಾನ ಎಂದೇ ಇತ್ತು.

ಇಂಥ ಹೊತ್ತಿಗೆ ಕೆಲವು ಕಾನೂನು ಗೊತ್ತಿದ್ದರೆ ಧೈರ್ಯ. ನಗರಾಭಿವೃದ್ಧಿ ಪ್ರಾಧಿಕಾರ ಬಡಾವಣೆ ಮಾಡುವಾಗ ಶೇ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಪಾರ್ಕು, ಆಟದ ಮೈದಾನಕ್ಕೆ ಬಿಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಊರಿನ ಪಾರ್ಕು, ಬಯಲುಗಳ ಪಟ್ಟಿ ಮಾಡಿ ಅವನ್ನು ಬೇರೆ ಉಪಯೋಗಕ್ಕೆ ಹೋಗದಂತೆ ಕಾಯಲು 1985ರ ಇನ್ನೊಂದು ಕಾಯ್ದೆಯಿದೆ. ಇವೆರಡಕ್ಕೂ ಬೆನ್ನೆಲುಬಾಗಿ 1991ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ, ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಪ್ರಕರಣ. ಬಡಾವಣೆಯ ಪಾರ್ಕಿನ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಿದ್ದರು. ಆಸ್ಪತ್ರೆಯೂ ಸಾರ್ವಜನಿಕ ಉಪಯೋಗವೇ ಅಲ್ಲವೇ ಎಂಬ ವಾದವನ್ನು ಕೋರ್ಟು ಒಪ್ಪಲಿಲ್ಲ. ಪಾರ್ಕಿಗೆಂದು ಬಿಟ್ಟ ಜಾಗ ಪಾರ್ಕಿಗೇ, ಅಕ್ಕಪಕ್ಕದ ನಿವಾಸಿಗಳಿಗೆ ಅದನ್ನು ಪ್ರಶ್ನಿಸುವ ಹಕ್ಕಿದೆ ಎಂದಿತು. ರಸ್ತೆ ಅಗಲಕ್ಕೆ ಮರ ಕಡಿಯುವ ಮಾತು ಬಂದರೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. 50ಕ್ಕಿಂತ ಹೆಚ್ಚು ಮರವಾದರೆ ವೃಕ್ಷ ಅಧಿಕಾರಿ ಸಾರ್ವಜನಿಕ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಲೇಬೇಕು. 200 ಮರವನ್ನು ನಲವತ್ತು ನಲವತ್ತರಂತೆ ಭಾಗ ಮಾಡಿ ತೋರಿಸುತ್ತಾರೋ ಎಂದು ಕಣ್ಣಿಡಬೇಕಾದದ್ದು ನಾವು.

ನಮ್ಮ ಸುಣ್ಣದ ಗೆರೆಯ ಕತೆ ಕೋರ್ಟಿನವರೆಗೆ ಹೋಗಲಿಲ್ಲ. ನಕ್ಷೆಯ ಪ್ರತಿ ಹಿಡಿದು ಎಪ್ಪತ್ತು ಜನ, ಅದರಲ್ಲಿ ಕ್ರಿಕೆಟ್ ಹುಡುಗರೇ ಮೂವತ್ತು, ಕಚೇರಿಗೆ ಹೋದೆವು. ಮಳೆಗೆ ಸುಣ್ಣ ತೊಳೆದುಹೋಯಿತು, ಮತ್ತೆ ಯಾರೂ ಎಳೆಯಲಿಲ್ಲ.

ಹೋದ ಜೂನಿನಲ್ಲಿ ಊರಿಗೆ ಹೋದಾಗ ಶಾಲೆಯ ಜಗಲಿಯಲ್ಲಿ ಸಭೆ ಸೇರಿತ್ತು. ವಿಷಯ ಒಂದೇ, ಉಪ್ಪಾಗೆ ಕೊಯ್ಯಲು ದಿನ ಇಡುವುದು. ತಾರೀಕು ಹಾಕಿದರೆ ಮಳೆ ಹಿಂದುಮುಂದಾದ ವರ್ಷ ಕೆಟ್ಟುಹೋಗುತ್ತದೆ ಎಂದು ಒಬ್ಬರು. ಮಂಗ ತಿಂದು ಉದುರಿಸಿದ ಹಣ್ಣು ಮರದ ಬುಡದಲ್ಲಿ ಹಳದಿಯಾಗಿ ಕಂಡ ಎಂಟನೇ ದಿನಕ್ಕೆ ಎಂದು ಇನ್ನೊಬ್ಬರು. ಯಾರ ಕಣ್ಣಿಗೆ ಕಂಡದ್ದು ಎಂದು ನಡುವೆ ಒಬ್ಬಾಕೆ ಕೇಳಿದರು, ಮೂರು ಕೇರಿಯಿಂದ ಒಬ್ಬೊಬ್ಬರು ಹೋಗಿ ನೋಡಿ ಬರುವುದು ಎಂದಾಯಿತು. ಟೊಂಗೆ ಕಡಿದವರ ಚೀಲ ಶಾಲೆಗೆ, ಮಕ್ಕಳ ಬಿಸಿಯೂಟದ ಪಾತ್ರೆ ಖರ್ಚಿಗೆ. ವ್ಯಾಪಾರಿಯ ಹತ್ತಿರ ಶುಲ್ಕ ಕೇಳುವುದನ್ನು ಪಂಚಾಯ್ತಿಗೆ ಬರೆಯುವುದು. ಎಲ್ಲ ಬರೆದಾದ ಮೇಲೆ ಹಿಂದಿನ ಬೆಂಚಿನಿಂದ ದೊಡ್ಡಪ್ಪನ ಮಗ ಎದ್ದು ನಿಂತ.

"ಆಚೆ ಕೇರಿಯವ್ರು ಒಬ್ರೂ ಬರ್ಲಿಲ್ಲ ಅಲ್ದಾ."

ಸ್ವಲ್ಪ ಹೊತ್ತು ಹಂಚಿನ ಮೇಲಿನ ಮಳೆಯ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಸಹಿ ಆಗಬೇಕಿದ್ದ ಪುಸ್ತಕವನ್ನು ಮುಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದರು. ನಾಳೆ ಬೆಳಿಗ್ಗೆ ಸಂಕ (ಹಳ್ಳದ ಕಾಲುಸೇತುವೆ) ದಾಟಿ ಅಲ್ಲಿಗೇ ಹೋಗಿ ಕೂರುವುದು, ಎಲೆಯಡಿಕೆಯ ಕವಳದ ತಟ್ಟೆ ಹಿಡಿದುಕೊಂಡು ಹೋಗುವುದು ಎಂದು ಮೂರು ಜನರನ್ನು ನೇಮಿಸಿದರು. ಅವರಲ್ಲೊಬ್ಬ ದೊಡ್ಡಪ್ಪನ ಮಗ.